ಕೊನೆಯಲ್ಲಿ ನಡೆಯುವವಳು

ನಡಿಗೆಯ ದಾರಿ ಗೊತ್ತುಮಾಡುವವಳು ನಾನೇ, ಸಾಲಿನ ಕೊನೆಯಲ್ಲಿ ನಡೆಯುವವಳೂ ನಾನೇ. ಹೀಗೆಂದು ಯಾರೂ ಹೇಳಿದ್ದಲ್ಲ. ಯಾರಾದರೂ ಹಿಂದೆ ಬಿದ್ದರೆ, ಯಾರದಾದರೂ ಕಾಲು ಉಳುಕಿದರೆ, ಬೇಲಿಯ ತಡಿಕೆ ಬಾಗಿಲು ಮುಚ್ಚದೆ ಬಂದರೆ ಎಂಬ ಅಂಜಿಕೆಗೆ ಒಮ್ಮೆ ಹಿಂದೆ ಉಳಿದೆ. ಅದೇ ರೂಢಿಯಾಯಿತು.

ಕೊಯಮತ್ತೂರಿನ ಸುತ್ತ ಕೆಲಸಕ್ಕಿರುವ ಕನ್ನಡದವರು ಕೆಲವರು ತಿಂಗಳಿಗೊಂದು ಭಾನುವಾರ ದಿನಪೂರ್ತಿ ನಡೆಯುತ್ತೇವೆ. ನನ್ನ ಕೆಲಸ ಕುರಿಚಿಯ ಒಂದು ಕಾರ್ಖಾನೆಯ ಕಚೇರಿಯಲ್ಲಿ. ಅಲ್ಲಿ ಮಾತು ತಮಿಳಿನಲ್ಲಿ, ಅದೂ ಬೇಕಾದಷ್ಟೇ. ಬಾಡಿಗೆ ಕೋಣೆಗೆ ಮರಳಿದ ಮೇಲೆ ಅದೂ ಇಲ್ಲ. ಹೋದ ಸಲ ಬಸ್ಸಿಳಿಯುವಾಗ ಭೂಮಿ, "ಅಕ್ಕಾ, ಮುಂದಿನ ಸಲ ನನ್ ಜೊತೆ ನಡೀರಿ. ನಿಮ್ ಹತ್ರ ಒಂದು ವಿಷಯ ಮಾತಾಡ್ಬೇಕು" ಅಂದಳು. ಮೈಸೂರಿನ ಹುಡುಗಿ, ಗುಂಪಿನಲ್ಲಿ ನನ್ನ ಸುಖದುಃಖ ವಿಚಾರಿಸುವವಳು ಅವಳೊಬ್ಬಳೇ. ಆ ಮಾತು ತಿಂಗಳೆಲ್ಲ ನನ್ನ ಜೊತೆಗಿತ್ತು.

ಈ ಸಲದ ದಾರಿ ಅನ್ನೂರಿನಾಚೆ ಬಸ್ಸಿಳಿದು, ಒಣ ಮೇವುಗಾಡುಗಳ ಮೇಲೆ ಉತ್ತರಕ್ಕೆ, ಒಂದು ಬಂಡೆಗುಡ್ಡ ಹತ್ತಿಳಿದು, ಸಿರುಮುಗೈಯ ಕಡೆಗೆ. ನಕ್ಷೆಯಲ್ಲಿ ತೆರೆದ ಬಾವಿಗಳು ಕಪ್ಪು ಚೌಕಗಳಾಗಿ ಕಾಣುತ್ತವೆ. ಒಂದೊಂದನ್ನೂ ದೂರವಿಟ್ಟು ಗೆರೆ ಎಳೆದೆ. ಬೇಲಿಗೆ ಬಾಗಿಲು ಎಲ್ಲಿದೆ, ನಾಯಿ ಕಟ್ಟಿರುತ್ತಾರೋ ಇಲ್ಲವೋ ಎಂಬುದು ನಕ್ಷೆಯಲ್ಲಿರುವುದಿಲ್ಲವಾದ್ದರಿಂದ ಹಿಂದಿನ ವಾರ ಒಬ್ಬಳೇ ಹೋಗಿ ನೋಡಿದೆ.

ಗುಡ್ಡದ ಕೆಳಗಿನ ಮೇವುಗಾಡು ಬೆಳ್ಳಿಯಮ್ಮನವರದು. ಸುತ್ತಲೂ ಮುಳ್ಳುಬೇಲಿ, ಗುಡ್ಡದ ಕಡೆಗೆ ಒಂದೇ ತಡಿಕೆ, ರಸ್ತೆಯ ಕಡೆ ಬೇಲಿ ದಾಟಲು ಕಲ್ಲುಮೆಟ್ಟಿಲು, ಒಳಗೆ ಕುರಿಗಳು. ನನ್ನ ಹರಕು ತಮಿಳು ಕೇಳಿ ಅವರು ನಕ್ಕುಬಿಟ್ಟರು.

"ಕನ್ನಡದಲ್ಲೇ ಪೇಸು, ಅಮ್ಮಣಿ. ಮನೇಲಿ ನಾವೂ ಅದೇ. ನಿಂದು ಟೀವಿ ಕನ್ನಡ, ನಮ್ದು ಕಾಡು ಕನ್ನಡ, ಅಷ್ಟೇ."

ದಾರಿ ಕೇಳಿದಾಗ ನಗು ನಿಂತಿತು. "ಪೋದ ಮಾಸ ಪಕ್ಕದವರ ಮೇವುಗಾಡಿಗೆ ತೆರು ನಾಯಿ ನುಗ್ಗಿ ಕುರಿನೆಲ್ಲ ಕಡಿದು ಹಾಕ್ಬಿಡ್ತು. ಯಾರೋ ತಡಿಕೆ ತೆರೆದಿಟ್ಟು ಪೋಗಿದ್ರು. ಕಟ್ಟಿ ಪೋಗ್ತೀರಾ?"

"ಕಟ್ತೀವಿ. ಮೇಲಿನ ಹಗ್ಗ, ಕೆಳಗಿನ ಹಗ್ಗ, ಎರಡೂ."

"ಆಗ ಬನ್ನಿ."

ಭಾನುವಾರ ಹೊರಡುವ ಮುಂಚೆ ಗುಂಪಿನ ಹುಡುಗ ಸಚಿನ್‌ನನ್ನು ಕರೆದು ಇವತ್ತು ಕೊನೆಯಲ್ಲಿ ನೀವು ಬನ್ನಿ ಎಂದು ಕೇಳಿಕೊಂಡೆ. ಎರಡು ಹಗ್ಗಗಳ ವಿಷಯ ಹೇಳಿದೆ. ಮತ್ತೆ ಹೇಳಿದೆ.

"ಗೊತ್ತಾಯ್ತು ಮೇಡಂ, ಬೇಕಾದ್ರೆ ಬೀಗಾನೂ ತರ್ತೀನಿ" ಅಂದ.

"ಗಾರ್ಡ್ ಬದಲಾದ್ರು, ರೈಲು ಹಳಿ ತಪ್ಪುತ್ತೆ ನೋಡ್ತಿರಿ" ಎಂದು ಹಿರಿಯರಾದ ದೇವದಾಸ್ ಛೇಡಿಸಿದರು. ಅವಿನಾಶಿಯಿಂದ ಬಂದಿದ್ದ ಜಯಪ್ರಿಯಾ ಜೋರಾಗಿ ನಕ್ಕಳು. ನಾನೂ ನಕ್ಕೆ. ಆ ಬೆಳಿಗ್ಗೆ ನನಗೆ ನಿಜವಾಗಿ ಸಂತೋಷವಾಗಿತ್ತು.

ಭೂಮಿ ಮಧ್ಯಾಹ್ನದವರೆಗೆ ಅದೂ ಇದೂ ಮಾತಾಡಿದಳು. ಎದುರಿಗೆ ನೀಲಗಿರಿ ಮಸುಕಾಗಿ ನಿಂತಿತ್ತು. ಗುಡ್ಡ ಇಳಿದು, ಬೆಳ್ಳಿಯಮ್ಮನವರ ಮೇವುಗಾಡು ಹೊಕ್ಕು, ಅದರ ನಡುವಿನ ದಿಬ್ಬ ದಾಟಿದೆವು. ತಡಿಕೆ ಈಗ ಕಾಣುತ್ತಿರಲಿಲ್ಲ.

"ಅಕ್ಕಾ, ನಾನು ಹಾಸ್ಟೆಲ್ ಬಿಡ್ತಿದೀನಿ" ಎಂದಳು ಭೂಮಿ. "ಸಿಂಗಾನಲ್ಲೂರಲ್ಲಿ ಮನೆ ಸಿಕ್ಕಿದೆ. ಎರಡು ರೂಮು. ಒಬ್ಬಳಿಗೆ ದೊಡ್ಡದು. ಅದಕ್ಕೆ ನಾನು ಯೋಚನೆ ಮಾಡ್ತಿದ್ದೆ..."

ಅಷ್ಟರಲ್ಲಿ ಸಚಿನ್ ದಾಪುಗಾಲು ಹಾಕುತ್ತ ನಮ್ಮನ್ನು ದಾಟಿದ.

"ಕಟ್ಟಿದ್ರಾ?" ಎಂದೆ.

"ಕಟ್ಟಿದೆ ಮೇಡಂ."

"ಕೆಳಗಿನ ಹಗ್ಗಾನೂ?"

"ಅಯ್ಯೋ, ಕಟ್ಟಿದೆ!"

ಅವನು ಇಷ್ಟು ಬೇಗ ಹೇಗೆ ಬಂದ? ಕೆಳಗಿನ ಹಗ್ಗಕ್ಕೆ ಮಂಡಿಯೂರಬೇಕು. ಅವನ ಪ್ಯಾಂಟಿನ ಮಂಡಿ ನೋಡಿದೆ, ಧೂಳು ಕಾಣಲಿಲ್ಲ. ಭೂಮಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವಳು ಏನು ಕೇಳಲಿದ್ದಾಳೆಂದು ನನಗೆ ತಿಳಿದಿತ್ತು. ಹೂಂ ಎನ್ನುವುದೊಂದೇ ಬಾಕಿ. ಆದರೆ ಕಣ್ಣ ಮುಂದೆ ಅರ್ಧ ತೆರೆದ ತಡಿಕೆ, ಅದರ ಕೆಳಗಿನಿಂದ ನುಸುಳುವ ನಾಯಿಗಳು.

"ಒಂದ್ನಿಮಿಷ ಭೂಮಿ, ನೀವು ನಡೀತಿರಿ, ಬಂದೆ" ಎಂದು ತಿರುಗಿ ನಡೆದೆ. ದಿಬ್ಬ ಹತ್ತುವಾಗ ಓಡಿದೆ.

ತಡಿಕೆ ಮುಚ್ಚಿತ್ತು. ಮೇಲಿನ ಹಗ್ಗ ಬಿಗಿಯಾಗಿತ್ತು. ಬಾಗಿ ನೋಡಿದೆ, ಕೆಳಗಿನದೂ ಬಿಗಿಯಾಗಿತ್ತು, ನಾನು ಕಟ್ಟುವುದಕ್ಕಿಂತ ಚೆನ್ನಾಗಿ. ಆಚೆ ಬದಿಯಲ್ಲಿ ಸೊಪ್ಪು ಕಡಿಯುತ್ತಿದ್ದ ಬೆಳ್ಳಿಯಮ್ಮ ತಲೆ ಎತ್ತಿದರು.

"ಏನಮ್ಮಣಿ, ಏನಾದ್ರೂ ಬಿಟ್ಟು ಪೋದ್ಯಾ?"

"ಇಲ್ಲ. ಕಟ್ಟಿದಾರಾ ಅಂತ ನೋಡೋಕೆ ಬಂದೆ."

"ಅದನ್ನ ನೋಡೋಕೆ ಇಷ್ಟು ದೂರ ತಿರುಂಬಿ ಬಂದ್ಯಾ? ಆ ಪಿಳ್ಳೆ ಕಟ್ಟಿದ್ದು ನಾನೇ ನೋಡಿದೆನಲ್ಲ" ಎಂದರು. ಬೈಗುಳವಲ್ಲ, ಆಶ್ಚರ್ಯ ಅಷ್ಟೇ. ನಂತರ ಕತ್ತಿ ಎತ್ತಿಕೊಂಡು ತಮ್ಮ ಕೆಲಸಕ್ಕೆ ತೊಡಗಿದರು.

ಮತ್ತೆ ದಿಬ್ಬ ಏರಿದಾಗ ಗುಂಪು ಕಾಣಲಿಲ್ಲ. ರಸ್ತೆಯ ಕಡೆ ಮಿನಿ ಬಸ್ಸಿನ ಹಾರ್ನ್ ಕೇಳಿತು. ಅದರ ಸಮಯ ಗೊತ್ತುಮಾಡಿ ಎಲ್ಲರಿಗೂ ಹೇಳಿದ್ದವಳು ನಾನೇ. ಸ್ವಲ್ಪ ಹೊತ್ತಿನಲ್ಲಿ ವಾಟ್ಸಾಪ್ ಗುಂಪಿನಲ್ಲಿ ದೇವದಾಸರ ಸಂದೇಶ ಬಂತು: "ಎಲ್ಲರೂ ಬಸ್ ಹತ್ತಿದೆವು."

ಆಮೇಲೆ ಭೂಮಿಯ ಫೋನು.

"ಅಕ್ಕಾ, ಎಲ್ಲಿದೀರಾ? ಹಿಂದಿನ ಬಾಗಿಲಲ್ಲಿ ಹತ್ತಿದ್ರಿ ಅನ್ಕೊಂಡೆ. ಡ್ರೈವರ್‌ಗೆ ಹೇಳ್ಲಾ?"

"ಬೇಡ ಭೂಮಿ. ಇನ್ನೊಂದು ಬಸ್ಸಿದೆ. ನೀವು ಏನೋ ಹೇಳ್ತಿದ್ರಿ, ಮನೆ ವಿಷಯ..."

ಬಸ್ಸಿನೊಳಗೆ ತಮಿಳು ಹಾಡು, ಯಾರದೋ ನಗು. ಅವಳು ಹೇಳಿದಳು. "ಮಧ್ಯದಲ್ಲೇ ಹೋಗ್ಬಿಟ್ರಲ್ಲಾ ಅಕ್ಕಾ. ನಿಮಗೆ ಇಷ್ಟ ಇಲ್ವೇನೋ, ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ವೇನೋ ಅನ್ಕೊಂಡೆ. ದಾರೀಲಿ ಜಯಪ್ರಿಯಾ, ಆ ಇನ್ನೊಂದು ರೂಮಿಗೆ ನಾನು ಬರ್ಲಾ ಅಂತ ಕೇಳಿದ್ಲು. ಹೂಂ ಅಂದ್ಬಿಟ್ಟೆ."

"ಒಳ್ಳೇದಾಯ್ತು. ಒಳ್ಳೆ ಹುಡುಗಿ" ಎಂದೆ.

"ಹುಷಾರಾಗಿ ಬನ್ನಿ, ಆಯ್ತಾ?"

ರಸ್ತೆಗೆ ಬಂದು ಹುಣಸೆಮರದ ಕೆಳಗೆ ಕುಳಿತೆ. ಬಿಸಿಲು ಇಳಿಯುತ್ತಿತ್ತು. ಗುಂಪಿನಲ್ಲಿ ಫೋಟೋಗಳು ಬರತೊಡಗಿದವು. ಒಂದರಲ್ಲಿ ಭೂಮಿ ಪಕ್ಕಕ್ಕೆ ತಿರುಗಿ ಏನೋ ಹೇಳುತ್ತಿದ್ದಾಳೆ. ಪಕ್ಕದಲ್ಲಿ ನನ್ನ ಭುಜ ಮಾತ್ರ ಕಾಣುತ್ತದೆ. ಫೋಟೋಗಳ ಕೆಳಗೆ ಸಚಿನ್ ಕೇಳಿದ್ದ: "ಮೇಡಂ, ಮುಂದಿನ ತಿಂಗಳು ಯಾವ ಕಡೆ?"

ದಾರಿ ನೋಡಿಕೊಂಡು ಬಂದು ಹೇಳುತ್ತೇನೆ ಎಂದು ಬರೆದೆ.