ಮುಂದಿನ ಆಯಿಲ್

ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದು ನೋಡಿದಾಗ ಮೇಸ್ತ್ರಿಗೆ ಮೊದಲು ಆದದ್ದು ಸಂತೋಷ. ಆಮೇಲೆ ನಾಚಿಕೆಯೂ ಆಯಿತೆನ್ನಿ, ಆದರೆ ಮೊದಲು ಸಂತೋಷವೇ. ಇಂಜಿನ್ ಆಯಿಲ್ ಎಂದರೆ ಕಡ್ಡಿಯ ತುದಿಯಿಂದ ತೊಟ್ಟಿಕ್ಕಬೇಕು. ಇದು ಹಳೆಯ ಡಾಂಬರಿನ ಹಾಗೆ ಕಚ್ಚಿಕೊಂಡಿತ್ತು. ಎರಡು ಬೆರಳಲ್ಲಿ ಉಜ್ಜಿದರು, ಮೂಸಿದರು, ಆಯಿಲ್ ಸುರಿಯುವ ಬಾಯಿಯ ಮುಚ್ಚಳ ತಿರುಗಿಸಿ ಒಳಗೆ ಬೆರಳಾಡಿಸಿದರು. ಕಪ್ಪು ಮುದ್ದೆ ಬಂತು.

"ನರ್ಸಮ್ಮಾ, ಹೋದ ಸಲ ಆಯಿಲ್ ಬದಲಾಯಿಸಿದ ಮೇಲೆ ಎಷ್ಟು ಓಡಿದೆ ಇದು?"

"ಒಂಬತ್ತು ಸಾವಿರದ ಚಿಲ್ಲರೆ ಕಿಲೋಮೀಟರು," ಎಂದರು ನರ್ಸಮ್ಮ. "ಹತ್ತು ಸಾವಿರದವರೆಗೂ ಏನೂ ತೊಂದ್ರೆ ಇಲ್ಲ ಅಂದಿದ್ರಲ್ಲ? ಈಗ ನೋಡಿ, ದಿಬ್ಬ ಹತ್ತೋವಾಗ ಟಕಟಕ ಅನ್ನುತ್ತೆ." ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುವ ಕೆಲಸ ಅವರದು. ಒಂದು ಬೀದಿಯಿಂದ ಇನ್ನೊಂದು ಬೀದಿಗೆ, ದಿನಕ್ಕೆ ಇಪ್ಪತ್ತು ಸಲ ನಿಂತು ಇಪ್ಪತ್ತು ಸಲ ಹೊರಡುವ ಕಾರು. ಪಾಪ, ಇಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ರೋಗಿಯ ಮನೆ ಬಂದಿರುತ್ತದೆ.

ಹತ್ತು ಸಾವಿರ ಎಂದವನು ಮೇಸ್ತ್ರಿಯ ಅಳಿಯ. ಈ ಒಂದು ವಿಷಯದಲ್ಲಿ ಮಾವನಿಗೂ ಅಳಿಯನಿಗೂ ಎಣ್ಣೆ ಸೀಗೆಕಾಯಿ. ಗ್ಯಾರೇಜು ಕಟ್ಟಿದವರು ಮೇಸ್ತ್ರಿ. ಮಂಡಿ ಸೋತ ಮೇಲೆ ಎಲ್ಲವನ್ನೂ ಅಳಿಯನ ಕೈಗೆ ಕೊಟ್ಟರು, ಒಂದನ್ನು ಬಿಟ್ಟು. ಕಾರು ಹೊರಡುವಾಗ ಗಾಜಿನ ಮೂಲೆಗೆ 'ಮುಂದಿನ ಆಯಿಲ್' ಎಂಬ ಹಳದಿ ಚೀಟಿ ಅಂಟಿಸುವವರು ಅವರೇ. ಯಾರ ಕಾರಾದರೂ ಸರಿ, ಐದು ಸಾವಿರ ಕೂಡಿಸಿ ತಮ್ಮ ದುಂಡು ಅಕ್ಷರದಲ್ಲಿ ಬರೆಯುವುದು. "ಈಗಿನ ಆಯಿಲ್ ಬೇರೆ ಮಾವ, ಈಗಿನ ಇಂಜಿನ್ನೂ ಬೇರೆ. ಕಂಪನಿ ಪುಸ್ತಕದಲ್ಲೇ ಹತ್ತು ಸಾವಿರ ಅಂತಿದೆ," ಎಂದು ಅಳಿಯ ತಿಂಗಳುಗಟ್ಟಲೆ ಗಂಟಲು ಹರಿದುಕೊಂಡ. ಮೇಸ್ತ್ರಿ ಸೊಪ್ಪು ಹಾಕಲಿಲ್ಲ. ಆಮೇಲೊಂದು ದಿನ ಅವನೇ ಇದ್ದಕ್ಕಿದ್ದಂತೆ ಸುಮ್ಮನಾದ. ಗೆದ್ದೆ ಅಂದುಕೊಂಡರು.

ಅಂದಿನಿಂದ ಚೀಟಿ ಮುಗಿಯುತ್ತ ಬಂದರೆ, ಕೇಳುವ ಮೊದಲೇ ಮಗಳು ಹೊಸ ಕಟ್ಟು ಅಚ್ಚು ಹಾಕಿಸಿ ಮೇಜಿನ ಮೇಲೆ ಇಡುತ್ತಿದ್ದಳು. ಇವಳಾದರೂ ನನ್ನ ಕಡೆ ಇದ್ದಾಳೆ ಎಂದು ಅವರ ಹೊಟ್ಟೆ ತಂಪಾಗುತ್ತಿತ್ತು.

"ಆ ಪುಸ್ತಕ ಕಾರಲ್ಲಿದೆಯಾ? ಏನಂತ ಇದೆ, ಸ್ವಲ್ಪ ಓದಿ ನೋಡೋಣ."

ನರ್ಸಮ್ಮ ಹುಡುಕಿ ತೆಗೆದರು. "ಹತ್ತು ಸಾವಿರ ಅಂತಲೇ ಇದೆ ಮೇಸ್ತ್ರಿ. ಇರಿ, ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಇದೆ. ಹತ್ತಿರದ ಓಡಾಟವೇ ಜಾಸ್ತಿ, ಪದೇ ಪದೇ ನಿಲ್ಲಿಸಿ ಹೊರಡೋದು ಅಂತಿದ್ರೆ, ಐದು ಸಾವಿರಕ್ಕೇ ಬದಲಾಯಿಸಬೇಕಂತೆ."

"ಅಳಿಯಂದ್ರೇ!" ಮೇಸ್ತ್ರಿ ಕೂಗಿದ ಕೂಗಿಗೆ ತಗಡಿನ ಸೂರು ಗುಂಯ್ ಎಂದಿತು.

"ಬಂದೆ ಮಾವ, ಒಂದು ನಟ್ಟು ಬಾಕಿ," ಎಂದು ಆಚೆಯ ಕಾರಿನ ಅಡಿಯಿಂದ ಉತ್ತರ ಬಂತು.

ಅವನು ಬರುವ ತನಕ ಸುಮ್ಮನಿದ್ದರೆ ಮೇಸ್ತ್ರಿ ಹೇಗಾದಾರು? "ನೋಡಿದ್ರಾ? ನಿಮ್ಮ ಕಣ್ಣೆದುರಿಗೇ ಐದು ಸಾವಿರ ಅಂತ ಬರೆದು ಅಂಟಿಸಿದ್ದೆ," ಎನ್ನುತ್ತ ಗಾಜಿನ ಕಡೆ ಬೆರಳು ತೋರಿಸಿದರು. ಗಾಜಿನ ಮೂಲೆ ತೊಳೆದಿಟ್ಟ ತಟ್ಟೆಯಂತಿತ್ತು. "ಎಲ್ಲಿ ಚೀಟಿ? ಬಿಸಿಲಿಗೆ ಬಿದ್ದುಹೋಯ್ತಾ?"

ನರ್ಸಮ್ಮ ಪುಸ್ತಕ ಮುಚ್ಚಿದರು. "ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ. ನಿಮ್ಮ ಅಳಿಯ ಎಲ್ಲರಿಗೂ ಹೇಳಿಟ್ಟಿದ್ದಾರೆ. ಹಿರಿಯರು, ಅವರ ಸಮಾಧಾನಕ್ಕೆ ಅಂಟಿಸಿಕೊಳ್ಳಿ, ಗೇಟು ದಾಟಿದ ಮೇಲೆ ಕಿತ್ತುಬಿಡಿ ಅಂತ. ಗೇಲಿ ಮಾಡೋಕೆ ಹೇಳಿದ್ದಲ್ಲ. ಪಾಪ, ಒಳ್ಳೆ ಮನಸ್ಸಿಂದಲೇ ಹೇಳಿದ್ರು. ನನಗೂ ಸರಿ ಅನ್ನಿಸ್ತು."

"ಕಿತ್ತು ಏನು ಮಾಡ್ತೀರಿ?"

"ಕೈಗೆ ಅಂಟುತ್ತಲ್ಲ... ಅದಕ್ಕೇ ಅಲ್ಲಿ ಕಂಬಕ್ಕೆ."

ಮೇಸ್ತ್ರಿಯ ಮನೆ ಗ್ಯಾರೇಜಿನ ಬೆನ್ನಿಗೇ ಇತ್ತು. ಹಿಂದಿನ ಬಾಗಿಲಿಂದ ಬರುವುದು, ಹಿಂದಿನ ಬಾಗಿಲಿಂದ ಹೋಗುವುದು. ಮುಂದಿನ ಗೇಟು ದಾಟಿ ಯಾವ ಕಾಲವಾಗಿತ್ತೋ. ಈಗ ಮಂಡಿ ಎಳೆದುಕೊಂಡು ದಾಟಿದರು.

ಗೇಟಿನ ಪಕ್ಕದ ಕರೆಂಟು ಕಂಬ ಸೊಂಟದಿಂದ ಭುಜದ ತನಕ ಹಳದಿಯಾಗಿತ್ತು. ಕಾರಿನ ಕಿಟಕಿಯಿಂದ ಕೈ ಚಾಚಿದರೆ ನಿಲುಕುವಷ್ಟು ಎತ್ತರ. ಚೀಟಿಯ ಮೇಲೆ ಚೀಟಿ; ಒಳಗಿನವು ಬಿಳುಚಿ, ಮೇಲಿನವು ಹೊಸದಾಗಿ, ಎಲ್ಲದರಲ್ಲೂ ಅದೇ ದುಂಡು ಅಕ್ಷರ. ಎಲ್ಲಕ್ಕಿಂತ ಮೇಲಿನದು ನಿನ್ನೆಯದು. ಡ್ರೈವಿಂಗ್ ಕಲಿಸುವವನ ಕಾರಿನದು. "ನೀವು ಹೇಳಿದ ಮೇಲೆ ಮುಗೀತು ಮೇಸ್ತ್ರಿ," ಎಂದು ಕೈ ಮುಗಿದು ಹೋದವನು ಅವನು. ಮೇಸ್ತ್ರಿಯ ಕಿವಿಯ ತನಕ ಬಿಸಿಯೇರಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೋ ಏನೋ. ಇದು ಹಟ ಹಿಡಿದ ಮಗುವಿನ ಕೈಗೆ ಗಿಲಕಿ ಕೊಟ್ಟು ಕೂರಿಸಿದ ಅವಮಾನ.

ಒಳಗೆ ಬಂದಾಗ ಅಳಿಯ ಪುಸ್ತಕ ಹಿಡಿದು ನಿಂತಿದ್ದ. "ಮಾವ, ಈ ಕಾರಿನ ವಿಷಯದಲ್ಲಿ ನಿಮ್ಮ ಮಾತೇ ಸರಿ. ನಾನು ಕೆಳಗಿನದನ್ನ ಓದಿರಲಿಲ್ಲ."

ಈ ಮಾತಿಗೆ ಅವರು ನಾಲ್ಕು ವರ್ಷ ಕಾದಿದ್ದರು. ಈಗ ಅದನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. "ಅವಳಿಗೂ ಗೊತ್ತಾ?" ಎಂದು ಕೇಳಿದರು. ಆಫೀಸಿನ ಕಿಟಕಿಯಾಚೆ ಫೋನಿನಲ್ಲಿದ್ದ ಮಗಳು ಇವರ ಕಡೆ ನೋಡಿ, ತಟಕ್ಕನೆ ತಲೆ ತಗ್ಗಿಸಿದಳು. ಅವಳ ಮೊಣಕೈ ಪಕ್ಕದಲ್ಲಿ ಇನ್ನೂ ದಾರ ಬಿಚ್ಚದ ಹೊಸ ಕಟ್ಟು ಇತ್ತು.

ಮಧ್ಯಾಹ್ನ ಇನ್ನೊಂದು ಕಾರು ಸಿದ್ಧವಾಯಿತು. ಔಷಧಿ ಕಂಪನಿಯ ಮಾರಾಟದವನದು. ಮೇಸ್ತ್ರಿ ಕಿಲೋಮೀಟರು ನೋಡಿದರು, ಐದು ಸಾವಿರ ಕೂಡಿಸಿದರು, ಬರೆದರು. ಅವನು ಎಂದಿನ ವಿನಯದಲ್ಲಿ ಗಾಜಿನ ಮೂಲೆಯನ್ನು ಕರ್ಚೀಫಿನಿಂದ ಒರೆಸಿ, "ಇಲ್ಲೇ ಹಾಕಿ ಮೇಸ್ತ್ರಿ," ಎಂದ.

"ನಿಮಗ್ಯಾಕೆ ತೊಂದ್ರೆ," ಎಂದು ಮೇಸ್ತ್ರಿ ಅವನನ್ನು ದಾಟಿ ನಡೆದರು. ಗೇಟಿನಾಚೆ ಕಂಬದ ಮೇಲೆ ಖಾಲಿ ಜಾಗ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಚೀಟಿ ಅಂಟಿಸಿ, ಏಳದ ಹಾಗೆ ನಾಲ್ಕು ಮೂಲೆಗಳನ್ನೂ ಹೆಬ್ಬೆರಳಿನಿಂದ ಒತ್ತಿದರು.