ಊರಿನ ಕನ್ನಡಕ, ಪೇಟೆಯ ಕನ್ನಡಕ

ಲೂಡ್ವಿಕ್ ಜುಪಾನ್‌ನ ಅಂಗಡಿ ಬಿಟ್ಟು ಬೇರೆ ಕಡೆ ಕನ್ನಡಕ ಮಾಡಿಸುವುದೆಂದರೆ, ಅಮೆರಿಕದ ಮಿನೆಸೋಟ ರಾಜ್ಯದ ಆ ಗಣಿಯೂರಿನಲ್ಲಿ ಅದು ಹೆತ್ತ ತಾಯಿಯ ಎದುರಿಗೇ ಪಕ್ಕದ ಮನೆಯ ಅಡುಗೆ ಹೊಗಳಿದ ಹಾಗೆ. ಕಬ್ಬಿಣದ ಗಣಿ ಮುಚ್ಚಿದ ವರ್ಷ ಬಟ್ಟೆ ಅಂಗಡಿಯವನು ಹೋದ, ಬೇಕರಿಯವನು ಹೋದ, ಹಲ್ಲಿನ ಡಾಕ್ಟರೂ ಗಂಟುಮೂಟೆ ಕಟ್ಟಿದ. ಲೂಡ್ವಿಕ್ ಹೋಗಲಿಲ್ಲ. ಮುಖ್ಯ ಬೀದಿಯಲ್ಲಿ ಸಾಲಾಗಿ ಕತ್ತಲು ಕವಿದ ಕಿಟಕಿಗಳ ನಡುವೆ ಅವನದೊಂದರಲ್ಲಿ ದೀಪ ಉರಿಯುತ್ತಲೇ ಇತ್ತು. ಕಣ್ಣಿನ ಡಾಕ್ಟರು ಎಲ್ಲಿಯವರೇ ಆಗಿರಲಿ, ಅವರು ಕೊಟ್ಟ ಚೀಟಿ ಹಿಡಿದು ಊರಿನವರು ಅವನ ಹತ್ತಿರವೇ ಬರುತ್ತಿದ್ದರು. ಅವನು ಹಿಂದಿನ ಕೋಣೆಯಲ್ಲಿ ಕೂತು ಗಾಜು ತೇಯ್ದು, ಚೌಕಟ್ಟಿಗೆ ಕೂರಿಸಿ, ತಾನೇ ಕಿವಿಯ ಹಿಂದೆ ಬಗ್ಗಿಸಿ ಹಾಕಿ ಕಳಿಸುತ್ತಿದ್ದ.

ಲೆಂಪಿ ರೌತಿಯೋ ಮೊದಲ ಕನ್ನಡಕ ಹಾಕಿಕೊಂಡದ್ದೂ ಅವನ ಕೈಯಿಂದಲೇ. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಈಗಿನ ಕನ್ನಡಕವೂ ಅವನದೇ. ಅದನ್ನು ಮಾಡಿಸಿದ ಮೇಲೆ ಎರಡು ಚಳಿಗಾಲ ಕಳೆದಿದ್ದವು. ಅದನ್ನು ಹಾಕಿಕೊಂಡ ದಿನದಿಂದಲೇ ಮೆಟ್ಟಿಲಿನ ಅಂಚು ತೇಲಿದ ಹಾಗೆ ಕಾಣತೊಡಗಿತ್ತು. ಸಂಜೆಯಾದರೆ ಹುಬ್ಬಿನ ಮೇಲೆ ಮೊಳೆ ಹೊಡೆದ ಹಾಗೆ ನೋವು. ಹೋಗಿ ಹೇಳಿದರೆ ಲೂಡ್ವಿಕ್ ಮೂಗಿನ ಮೇಲಿನ ತುಂಡನ್ನು ಸ್ವಲ್ಪ ಒತ್ತಿ, "ರೂಢಿ ಆಗುತ್ತೆ ಬಿಡು. ಈಗ ಹೇಗಿದೆ?" ಎಂದು ಕೇಳಿದ್ದ. ಲೆಂಪಿ "ಚೆನ್ನಾಗಿದೆ" ಎಂದಿದ್ದಳು. ಫಿನ್‌ಲೆಂಡಿನಿಂದ ಬಂದು ಆ ಊರಿನಲ್ಲಿ ನೆಲೆಸಿದ ಫಿನ್ ಜನ ಕೇಳಿದವರಿಗೆ ಕೊಡುವ ಉತ್ತರ ಅದೊಂದೇ. ಮನೆಗೆ ಬೆಂಕಿ ಬಿದ್ದಿದ್ದರೂ ಅದೇ.

ರೂಢಿ ಆಗಲಿಲ್ಲ. ಲೆಂಪಿಯ ತಾಯಿಗೆ ಮುಪ್ಪಿನಲ್ಲಿ ಎರಡು ಕಣ್ಣೂ ಹೋಗಿದ್ದವು. ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಯಾರಾದರೂ ಬಂದರೆ ಹೆಜ್ಜೆಯ ಸಪ್ಪಳದ ಕಡೆಗೆ ಮುಖ ತಿರುಗಿಸುತ್ತಿದ್ದ ತಾಯಿಯ ಕತ್ತನ್ನು ಲೆಂಪಿ ಮರೆತಿರಲಿಲ್ಲ. ಅದೇ ತನಗೂ ಬಂತು ಎಂದು ತೀರ್ಮಾನಿಸಿಕೊಂಡಳು. ಹಾಗೆ ತೀರ್ಮಾನಿಸಿಕೊಂಡ ಮೇಲೆ ಡಾಕ್ಟರ ಹತ್ತಿರ ಹೋಗುವುದಕ್ಕೇ ಹೆದರಿಕೆ. ಅವರ ಬಾಯಿಂದ ಆ ಮಾತು ಕೇಳದೆ ಇದ್ದಷ್ಟು ದಿನ ಇರೋಣ ಎಂದು ಸುಮ್ಮನಾದಳು. ಕಾರು ಓಡಿಸುವುದನ್ನು ಬಿಟ್ಟಳು. ಯಾಕೆಂದು ಕೇಳಿದವರಿಗೆ, "ರಸ್ತೆ ತುಂಬ ಹಿಮ, ಜಾರುತ್ತೆ" ಎಂದಳು. ಬೇಸಿಗೆಯಲ್ಲೂ ಓಡಿಸದಿದ್ದಾಗ ಯಾರೂ ಮತ್ತೆ ಕೇಳಲಿಲ್ಲ.

ಅವಳ ಗಂಡ ತೌನೋಗೆ ಆಗಲೇ ಮರೆವು ಹಿಡಿದಿತ್ತು. ಮರೆವು ಅಂದರೆ, ಇವತ್ತು ಯಾವ ವಾರ ಅನ್ನುವುದು ಗೊತ್ತಾಗುತ್ತಿರಲಿಲ್ಲ, ಸತ್ತ ತಮ್ಮನನ್ನು ಊಟಕ್ಕೆ ಕರಿ ಎನ್ನುತ್ತಿದ್ದ. ಆದರೆ ಕಾಲು ಗಟ್ಟಿಯಿತ್ತು. ಕೊಡಲಿ ಕೊಟ್ಟರೆ ಸೌದೆ ಸೀಳುತ್ತಿದ್ದ; ಒಲೆಗೆ ಬೇಕಾದಷ್ಟೇ ಉದ್ದಕ್ಕೆ, ಒಂದು ಬೆರಳು ಹೆಚ್ಚುಕಡಿಮೆ ಇಲ್ಲದ ಹಾಗೆ. ಅವನ ಮಾತ್ರೆಗಳನ್ನು ಲೆಂಪಿಯೇ ಕೊಡುತ್ತಿದ್ದಳು. ಒಂದು ಬೆಳಿಗ್ಗೆ ಡಬ್ಬಿಯ ಮೇಲಿನ ಅಕ್ಷರ ಒಂದರ ಮೇಲೊಂದು ಬಿದ್ದು ಕಾಣಿಸಿ, ರಕ್ತದೊತ್ತಡದ ಮಾತ್ರೆಯನ್ನೇ ಎರಡು ಸಲ ಕೊಟ್ಟುಬಿಟ್ಟಳು. ತೌನೋ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದ. ಜೀವಕ್ಕೇನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಒಬ್ಬ ಹೆಂಗಸು ಬಂದು, ಇವರನ್ನು ಮನೆಯಲ್ಲಿ ನೋಡಿಕೊಳ್ಳಲು ನಿಮ್ಮಿಂದ ಆಗುತ್ತದೆಯೇ ಎಂದು ಕೇಳಿದಳು. ಲೆಂಪಿ, "ಇಲ್ಲ, ವಯಸ್ಸಾಯ್ತು" ಎಂದಳು. ಕಣ್ಣಿನ ಮಾತು ಎತ್ತಲಿಲ್ಲ. ಹಾಗೆ ತೌನೋ ಪಕ್ಕದ ಊರಿನ ವೃದ್ಧರ ಆರೈಕೆ ಮನೆ ಸೇರಿ ಒಂದು ವರ್ಷವಾಗಿತ್ತು. ಬುಧವಾರ, ಶನಿವಾರ ಗೆಳತಿ ಸಿಲ್ವಿ ಕಾರಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದಳು.

ಇದೆಲ್ಲ ಹೀಗೇ ನಡೆದು ಹೋಗುತ್ತಿತ್ತೇನೋ. ಮಾರ್ಚ್ ತಿಂಗಳ ಒಂದು ಭಾನುವಾರ, ಪ್ರಾರ್ಥನೆ ಮುಗಿದು ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಕೂತಿದ್ದರು. ಬಡಿಸುವ ಸರದಿ ಲೆಂಪಿಯದು. ಸಿಲ್ವಿಯ ಲೋಟಕ್ಕೆ ಹೊಯ್ದ ಕಾಫಿ ಲೋಟದ ಪಕ್ಕಕ್ಕೆ ಬಿದ್ದು ಮೇಜಿನಿಂದ ಇಳಿಯಿತು.

"ಏನೇ ಇದು, ಲೋಟ ಇಲ್ಲಿದೆ ಕಣೇ! ನನ್ನ ಲಂಗಕ್ಕೆ ಸಕ್ಕರೆ ಹಾಕ್ಬೇಡ ಮತ್ತೆ," ಎಂದಳು ಸಿಲ್ವಿ.

ಎಲ್ಲರೂ ನಕ್ಕರು. ಲೆಂಪಿಗೆ ನಗು ಬರಲಿಲ್ಲ. ಯಾಕೋ ಆ ದಿನ ಬಾಯಿ ತಡೆಯಲಾಗಲಿಲ್ಲ. "ನನ್ನ ಕಣ್ಣು ಹೋಗ್ತಾ ಇದೆ, ಸಿಲ್ವಿ. ಅಮ್ಮಂಗೆ ಆದ ಹಾಗೇ," ಎಂದಳು.

ಸಿಲ್ವಿ ಒರೆಸುತ್ತಿದ್ದ ಕೈ ನಿಲ್ಲಿಸಿ ಅವಳ ಮುಖವನ್ನೇ ದಿಟ್ಟಿಸಿದಳು.

"ಆ ಕನ್ನಡಕ ಲೂಡ್ವಿಕ್ ಮಾಡಿದ್ದಲ್ವಾ?"

"ಮತ್ಯಾರು ಮಾಡ್ತಾರೆ?"

"ಚರ್ಚಿಗೆ ಸರಿ. ಮನೇಲಿ ಯಾವುದು ಹಾಕ್ಕೋತೀಯ?"

"ಇದೇ. ಇನ್ಯಾವುದಿದೆ?"

"ಅಯ್ಯೋ, ನನ್ನ ಕರ್ಮವೇ! ದಿನಾನೂ ಇದನ್ನೇ?" ಸಿಲ್ವಿ ಕೈಚೀಲ ತೆರೆದು ಇನ್ನೊಂದು ಕನ್ನಡಕ ತೆಗೆದಳು. "ನೋಡಿಲ್ಲಿ. ಇದು ಡುಲೂತ್ ಪೇಟೇದು. ಲೂಡ್ವಿಕ್‌ದು ಭಾನುವಾರಕ್ಕೆ, ಅವನ ಬೀದೀಲಿ ಓಡಾಡೋವಾಗ. ಅವನ ಕೈ ಕೆಟ್ಟು ಎಷ್ಟು ಕಾಲ ಆಯ್ತು! ಊರಿಗೇ ಗೊತ್ತು."

ಎದುರಿಗಿದ್ದ ಹಿಲ್ಮಾ ತಲೆ ತಗ್ಗಿಸಿಕೊಂಡು ತನ್ನ ಕೋಟಿನ ಜೇಬು ಮುಟ್ಟಿಕೊಂಡಳು. ಪಾದ್ರಿಯ ಹೆಂಡತಿ ಏಲಕ್ಕಿ ಬ್ರೆಡ್ಡಿನ ತಟ್ಟೆಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸಿದಳು. ಆಗ ಲೆಂಪಿಗೆ ತಿಳಿಯಿತು: ಆ ಮೇಜಿನ ಸುತ್ತ ಕೂತವರೆಲ್ಲರ ಹತ್ತಿರವೂ ಎರಡೆರಡು ಕನ್ನಡಕ. ಒಂದು ನೋಡುವುದಕ್ಕೆ. ಇನ್ನೊಂದು ಲೂಡ್ವಿಕ್‌ನ ಮನಸ್ಸು ನೋಯಿಸದೆ ಇರುವುದಕ್ಕೆ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋದೇನಿದೆ ಅದ್ರಲ್ಲಿ? ನೀನೂ ಹಾಗೇ ಮಾಡಿರ್ತೀಯ ಅಂದ್ಕೊಂಡೆ. ಕಾರು ಬಿಟ್ಟಾಗ, ಪಾಪ, ತೌನೋ ಚಿಂತೆಗೆ ಕೈ ನಡುಗುತ್ತೇನೋ ಅಂತ ಸುಮ್ಮನಾದೆ. ನೀನಾದ್ರೂ ಬಾಯಿ ಬಿಡಬಾರದಿತ್ತಾ, ಮಾರಾಯ್ತಿ?"

ಲೆಂಪಿ ಕಾಫಿಯ ಪಾತ್ರೆಯನ್ನು ಕೆಳಗಿಡಲು ಮರೆತು ನಿಂತೇ ಇದ್ದಳು.

ಮರುದಿನವೇ ಸಿಲ್ವಿ ಅವಳನ್ನು ಡುಲೂತಿಗೆ ಕರೆದುಕೊಂಡು ಹೋದಳು. ದೊಡ್ಡ ಅಂಗಡಿ, ಗೋಡೆಯ ತುಂಬ ಚೌಕಟ್ಟುಗಳು. ಒಳಗಿನ ಕೋಣೆಯಲ್ಲಿ ಮೊಮ್ಮಗಳ ವಯಸ್ಸಿನ ಡಾಕ್ಟರು ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು, ಸಾವಕಾಶವಾಗಿ ನೋಡಿದಳು. ಆಮೇಲೆ ಲೆಂಪಿಯ ಹಳೆಯ ಕನ್ನಡಕವನ್ನು ಒಂದು ಯಂತ್ರದ ಮೇಲಿಟ್ಟು ಹುಬ್ಬು ಗಂಟಿಕ್ಕಿದಳು.

"ಇದು ಯಾರದು, ನಿಮ್ಮದೇನಾ?"

"ನಂದೇ."

"ಗಾಜಿನ ನಡುಭಾಗ ನಿಮ್ಮ ಕಣ್ಣಿನ ಪಾಪೆಯ ನೇರಕ್ಕೇ ಇಲ್ಲ. ಒಂದು ಮೇಲೆ ಹೋಗಿದೆ, ಇನ್ನೊಂದು ಪಕ್ಕಕ್ಕೆ. ಎಡಗಡೆಯ ಗಾಜು ತಿರುಗಿ ಕೂತಿದೆ. ಇದನ್ನ ಹಾಕ್ಕೊಂಡ್ರೆ ನಂಗೂ ಕಾಣಲ್ಲ."

"ಮತ್ತೆ ನನ್ನ ಕಣ್ಣು?"

"ಪೊರೆ ಸ್ವಲ್ಪ ಶುರುವಾಗಿದೆ, ನಿಮ್ಮ ವಯಸ್ಸಿಗೆ ಅದು ಲೆಕ್ಕಕ್ಕಿಲ್ಲ. ಕಣ್ಣು ಚೆನ್ನಾಗೇ ಇದೆ, ಮಿಸೆಸ್ ರೌತಿಯೋ. ಸಂತೋಷದ ಸುದ್ದಿ ಇದು."

ಲೆಂಪಿ ಸಂತೋಷಪಡಲಿಲ್ಲ. ಡಾಕ್ಟರ ಕುರ್ಚಿಯಲ್ಲಿ ಹಾಗೇ ಕೂತು, ತೆರೆದ ಬಾಗಿಲಿನಾಚೆ ಮಸುಕು ಮಸುಕಾಗಿ ಓಡಾಡುವ ಜನರನ್ನು ನೋಡಿದಳು. ಹಾಗಾದರೆ ಕಣ್ಣು ಸರಿಯಾಗಿಯೇ ಇತ್ತು. ಡಬ್ಬಿಯ ಅಕ್ಷರ ಓದಬಹುದಾಗಿತ್ತು. ತೌನೋ ಬೀಳಬೇಕಾಗಿರಲಿಲ್ಲ, ಹೋಗಬೇಕಾಗಿರಲಿಲ್ಲ. ಅವನ ಚಪ್ಪಲಿ ಈಗಲೂ ಒಲೆಯ ಬದಿಯಲ್ಲೇ ಇರಬೇಕಾಗಿತ್ತು.

ವಾರ ಕಳೆದು ಹೊಸ ಕನ್ನಡಕ ಬಂತು. ಸಿಲ್ವಿಯ ಜೊತೆ ಮತ್ತೆ ಡುಲೂತಿಗೆ ಹೋಗಿ, ಹಾಕಿಕೊಂಡು ಹೊರಗೆ ಬಂದರೆ ಬೋಳು ಮರಗಳ ಒಂದೊಂದು ಕಡ್ಡಿಯೂ ಬೇರೆ ಬೇರೆಯಾಗಿ ಕಂಡಿತು. ದಾರಿಯುದ್ದಕ್ಕೂ ಅವಳು ಸಿಲ್ವಿಯ ಹತ್ತಿರ ಆಡಿದ್ದು ಒಂದೇ ಮಾತು: "ತೌನೋನ ಮನೆಗೆ ಕರ್ಕೊಂಡು ಬರ್ತೀನಿ."

ಊರು ಸೇರಿದ ಮೇಲೆ, "ಇಲ್ಲೇ ನಿಲ್ಸು," ಎಂದು ಲೂಡ್ವಿಕ್‌ನ ಅಂಗಡಿಯ ಮುಂದೆ ಇಳಿದಳು.

"ಹೋಗ್ಲಿ ಬಿಡೇ. ಮುದುಕ ಅವನು. ಏನಂತ ಹೇಳ್ತೀಯ?" ಸಿಲ್ವಿ ತೋಳು ಹಿಡಿದಳು. ಲೆಂಪಿ ಬಿಡಿಸಿಕೊಂಡಳು.

ಲೂಡ್ವಿಕ್ ದೀಪದ ಕೆಳಗೆ ಯಾರದೋ ಕನ್ನಡಕದ ತಿರುಪು ಹುಡುಕುತ್ತಿದ್ದ. ಹುಡುಕುತ್ತಿದ್ದದ್ದು ಮೇಜು ಸವರುವ ಬೆರಳಿನಿಂದ, ಕಣ್ಣಿನಿಂದಲ್ಲ. ಅದು ಅವಳಿಗೆ ಈಗ ಕಂಡಿತು. ಗಂಟೆಯ ಸದ್ದಿಗೆ ತಲೆಯೆತ್ತಿದವನು ಸ್ವಲ್ಪ ಓರೆಯಾಗಿ, ಅವಳ ಕಿವಿಯ ಕಡೆ ನೋಡಿದ.

"ಯಾರು? ಲೆಂಪಿನಾ? ಬಾ, ಬಾ. ಹೇಗಿದೆ ಕನ್ನಡಕ?"

"ಚೆನ್ನಾಗಿಲ್ಲ, ಲೂಡ್ವಿಕ್."

ಅವನ ಕೈ ನಿಂತಿತು. ಆ ಅಂಗಡಿಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲವೇನೋ.

"ಮೂಗಿನ ಹತ್ರ ಒತ್ತುತ್ತಾ?"

"ಇಲ್ಲ. ಗಾಜೇ ತಪ್ಪು. ಮೊದಲನೇ ದಿನದಿಂದ್ಲೂ ತಪ್ಪು. ಡುಲೂತ್‌ನಲ್ಲಿ ನೋಡಿ ಹೇಳಿದ್ರು. ಈಗ ನಾನು ಹಾಕ್ಕೊಂಡಿರೋದು ಅಲ್ಲೀದು."

ಅವನು ಎದ್ದು ಬಂದು ಅವಳ ಮುಖದ ಹತ್ತಿರ ಮುಖ ತಂದು ನೋಡಿದ. "ನಡುಮಧ್ಯ ಕಾಣಲ್ಲ ನಂಗೆ. ಪಕ್ಕದಲ್ಲಿದ್ದದ್ದು ಕಾಣುತ್ತೆ," ಎಂದ. ತನ್ನ ಕಣ್ಣಿನ ವಿಷಯ ಹೇಳುತ್ತಿದ್ದಾನೆ ಎಂದು ಅವಳಿಗೆ ತಡವಾಗಿ ಹೊಳೆಯಿತು. "ಕೈಗೆ ಅಭ್ಯಾಸ ಇದೆಯಲ್ಲ, ಕೈಯೇ ಮಾಡುತ್ತೆ ಅಂದ್ಕೊಂಡೆ. ಅನುಮಾನ ಇತ್ತು ನಂಗೆ. ಅದಕ್ಕೇ ಬಂದವರನ್ನೆಲ್ಲ ಕೇಳ್ತಿದ್ದೆ, ಹೇಗಿದೆ ಅಂತ. ಒಬ್ಬರೂ ಬಿಡದೆ ಚೆನ್ನಾಗಿದೆ ಅಂದ್ರು. ನೀನೂ ಅಂದೆ."

"ಅಂದೆ."

"ಮತ್ತೆ ನಾನು ಯಾರ ಮಾತು ನಂಬಬೇಕಿತ್ತು, ಹೇಳು?"

ಲೆಂಪಿ ನಿಂತಲ್ಲೇ ಮಾತ್ರೆಯ ಡಬ್ಬಿಯ ಕತೆಯನ್ನೂ ತೌನೋ ಬಿದ್ದದ್ದನ್ನೂ ಒಂದು ಕಡೆಯಿಂದ ಹೇಳಿ ಮುಗಿಸಿದಳು. ಲೂಡ್ವಿಕ್ ಸ್ಟೂಲಿನ ಮೇಲೆ ಕೂತುಬಿಟ್ಟ. ಅವನೂ ತೌನೋನೂ ಒಂದು ಕಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು, ಪಕ್ಕಪಕ್ಕ ಕೂತು ಮೀನು ಹಿಡಿದವರು.

"ಬೈಯಿ ನನ್ನ," ಎಂದ.

"ಬರಲ್ಲ ನಂಗೆ."

"ಹಾಗಂದ್ರೆ ಹೇಗೆ? ಏನಾದ್ರೂ ಅನ್ನು."

ಅವಳು ಹಳೆಯ ಕನ್ನಡಕವನ್ನು ಅವನ ಮೇಜಿನ ಮೇಲಿಟ್ಟು ಹೊರಗೆ ಬಂದಳು. ಬೈದಿದ್ದರೆ ಇಬ್ಬರಿಗೂ ಒಂದಿಷ್ಟು ಹಗುರವಾಗುತ್ತಿತ್ತೋ ಏನೋ. ಬರದ ವಿದ್ಯೆಯನ್ನು ಆ ವಯಸ್ಸಿನಲ್ಲಿ ಎಲ್ಲಿಂದ ಕಲಿಯುವುದು?

ಬುಧವಾರ ಅವಳೇ ಕಾರು ತೆಗೆದಳು. ಸಿಲ್ವಿ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಸೀಟಿನ ಅಂಚು ಹಿಡಿದುಕೊಂಡಿದ್ದಳು. ಹಿಡಿಯುವ ಅಗತ್ಯವೇ ಬೀಳಲಿಲ್ಲ. ಲೆಂಪಿ ಮನೆಯಲ್ಲಿ ಹಾಸಿಗೆಗೆ ಒಗೆದ ಬಟ್ಟೆ ಹಾಸಿ ಬಂದಿದ್ದಳು. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದಳು.

ಆರೈಕೆ ಮನೆಯ ದೊಡ್ಡ ನರ್ಸು ಅವಳ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದಳು. "ಬೇಡ ಅಂತ ನಾನು ಹೇಳಲ್ಲ," ಎಂದಳು. "ಬನ್ನಿ, ಒಂದ್ಸಲ ಎಬ್ಬಿಸಿ ನೋಡಿ. ಆಮೇಲೆ ನೀವೇ ಹೇಳಿ."

ತೌನೋ ಎಂದಿನ ಹಾಗೆ ಕಿಟಕಿಯ ಬಳಿ ಗಾಲಿ ಕುರ್ಚಿಯಲ್ಲಿದ್ದ; ಅವಳು ಬಂದಾಗೆಲ್ಲ ಅವನು ಕೂತೇ ಇರುತ್ತಿದ್ದ. ಅವನನ್ನು ದಿನಾ ನೋಡಿಕೊಳ್ಳುತ್ತಿದ್ದ ರೊಂಡಾ ಎಂಬ ಹೆಂಗಸು ಅವನ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಹೇಗೆ ಹಿಡಿಯಬೇಕೆಂದು ಲೆಂಪಿಗೆ ತೋರಿಸಿಕೊಟ್ಟಳು.

"ತೌನೋ, ಏಳು. ಹೋಗೋಣ," ಎಂದಳು ಲೆಂಪಿ.

"ಎಲ್ಲಿಗೆ?"

"ಮನೆಗೆ."

ಅವನ ಮುಖ ಅರಳಿತೆಂದೇ ಅವಳಿಗೆ ತೋರಿತು. ಕೈಯನ್ನು ಕುರ್ಚಿಯ ಮೇಲೆ ಊರಿದ. ಲೆಂಪಿ ಪಟ್ಟಿ ಹಿಡಿದು ಎಳೆದಳು. ಒಂದು ಕ್ಷಣ ಎದ್ದ. ಆಮೇಲೆ ಮೊಣಕಾಲು ಎರಡೂ ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡವು. ಅವನ ಭಾರವೆಲ್ಲ ಅವಳ ಎದೆಯ ಮೇಲೆ ಬಂತು. ರೊಂಡಾ ಹಿಂದಿನಿಂದ ಹಿಡಿಯದಿದ್ದರೆ ಇಬ್ಬರೂ ನೆಲಕ್ಕೆ ಬೀಳುತ್ತಿದ್ದರು. ಇನ್ನೊಂದು ಸಲ ಮಾಡಿದರು. ಮತ್ತೂ ಹಾಗೇ ಆಯಿತು.

"ಕೂತೂ ಕೂತೂ ಕಾಲು ಸೋತು ಹೋಯ್ತು, ಲೆಂಪಿ," ಎಂದಳು ರೊಂಡಾ. "ಇಲ್ಲಿ ನಮಗೇ ಇಬ್ಬರು ಬೇಕು, ಹಾಸಿಗೆಯಿಂದ ಎತ್ತೋಕೆ, ಬಚ್ಚಲಿಗೆ, ಎಲ್ಲಕ್ಕೂ. ಬಂದ ದಿನ ತನ್ನ ಪೆಟ್ಟಿಗೆ ತಾನೇ ಹಿಡ್ಕೊಂಡು ನಡೆದು ಬಂದಿದ್ರು. ನಂಗೆ ಚೆನ್ನಾಗಿ ನೆನಪಿದೆ."

ಲೆಂಪಿಗೂ ನೆನಪಿತ್ತು. ರೊಂಡಾ ಪಟ್ಟಿ ಬಿಚ್ಚಿ, ಅವನ ಕಾಲಿನ ಮೇಲೆ ಕಂಬಳಿ ಹೊದಿಸಿ ಹೋದಳು. ಬಾಗಿಲ ಬಳಿ ನಿಂತಿದ್ದ ಸಿಲ್ವಿ ಕಾರಿಡಾರಿನ ಕಡೆಗೆ ನಡೆದಳು.

ಲೆಂಪಿ ಕುರ್ಚಿ ಎಳೆದುಕೊಂಡು ಗಂಡನ ಎದುರಿಗೆ ಕೂತಳು. ಎರಡು ಚಳಿಗಾಲ ಅವನ ಮುಖವನ್ನು ಮಂಜಿನೊಳಗೆ ನೋಡಿದ ಹಾಗೆ ನೋಡಿದ್ದಳು. ಹಳೆಯ ನೆನಪನ್ನೇ ಅದರ ಮೇಲೆ ಇಟ್ಟುಕೊಂಡು, ತೌನೋ ಹಾಗೇ ಇದ್ದಾನೆ ಎಂದುಕೊಂಡಿದ್ದಳು. ಹಾಗೇ ಇರಲಿಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. ಕೈಯ ಚರ್ಮ ತೆಳ್ಳಗಾಗಿ ಕೆಳಗಿನ ನರ ನೀಲಿಯಾಗಿ ಕಾಣುತ್ತಿತ್ತು. ದವಡೆಯ ಕೆಳಗೆ, ಕಿವಿಯ ಹತ್ತಿರ, ಬೋಳಿಸುವವರ ಕೈಗೆ ಸಿಗದೆ ಉಳಿದ ಬಿಳಿ ಕೂದಲು ಬೆರಳಗಲ ಬೆಳೆದು ಸುರುಳಿ ಸುತ್ತಿತ್ತು. ಅದು ಒಂದು ವಾರದ್ದಲ್ಲ, ಒಂದು ತಿಂಗಳದ್ದೂ ಅಲ್ಲ. ಅವಳು ವಾರಕ್ಕೆ ಎರಡು ಸಲ ಬಂದು, ಅದೇ ಕೆನ್ನೆಗೆ ಮುತ್ತಿಟ್ಟು ಹೋಗುತ್ತಿದ್ದಳು.

ಎದ್ದು ಹೋಗಿ ರೊಂಡಾಳನ್ನು ಹುಡುಕಿ, ಒಂದು ಬಟ್ಟಲು ಬಿಸಿನೀರು, ಸೋಪು, ಕ್ಷೌರದ ಕತ್ತಿ ಕೇಳಿ ತಂದಳು. ಟವೆಲನ್ನು ಅವನ ಕತ್ತಿನ ಸುತ್ತ ಸಿಕ್ಕಿಸಿದಳು.

"ಎಲ್ಲಿಗೆ?" ಎಂದು ತೌನೋ ಮತ್ತೆ ಕೇಳಿದ. ಕೈ ಕುರ್ಚಿಯ ಮೇಲೆ ಊರಿಕೊಂಡೇ ಇತ್ತು.

"ಎಲ್ಲಿಗೂ ಇಲ್ಲ. ಗಡ್ಡ ಬೆಳೆದಿದೆ. ಅಲುಗಾಡ್ಬೇಡ," ಎಂದಳು.

ಅವನು ಗಲ್ಲವನ್ನು ಮೇಲೆತ್ತಿ ಕೊಟ್ಟ. ಲೆಂಪಿ ಎಡಗೈ ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಹಿಡಿದು, ಬಗ್ಗಿ ನೋಡುತ್ತ, ಒಂದೊಂದೇ ಎಳೆಯನ್ನು ತೆಗೆಯತೊಡಗಿದಳು. ಎಲ್ಲವೂ ಕಾಣುತ್ತಿತ್ತು.