ದೇವರಿಗೆ ಹೇಳಿದ ವಿಳಾಸ

ಈ ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡುವುದು ನನ್ನ ಗಂಡ. ನಾವಿರುವುದು ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ದೀಪದ ಬುಡದಲ್ಲಿ ಕತ್ತಲೆ ಎಂದರೇನೆಂದು ನೋಡಬೇಕಾದವರು ನಮ್ಮ ಮೆಟ್ಟಿಲ ಬಳಿ ಬಂದು ನಿಲ್ಲಬಹುದು. ಈ ದೇಶಕ್ಕೆ ಬಂದ ದಿನ ನನ್ನ ಅತ್ತೆ ಒಂದೊಂದು ಮೆಟ್ಟಿಲಿಗೂ "ಸ್ತೋತ್ರ ಸ್ವಾಮಿ" ಎನ್ನುತ್ತಾ ಹತ್ತಿದರು. ಹತ್ತಿದವರು ತಮ್ಮ ಕಾಲ ಮೇಲೆ ಮತ್ತೆ ಇಳಿಯಲಿಲ್ಲ. ಮೊಣಕಾಲುಗಳು ಕೈಕೊಟ್ಟಿದ್ದವು.

ಆಮೇಲೆ ಕಿಟಕಿಯೇ ಅವರಿಗೆ ಊರಾಯಿತು. ಬಸ್ ನಿಲ್ದಾಣದಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಈ ದೇಶದ ನೆಲವನ್ನು ಅವರು ಸರಿಯಾಗಿ ಮೆಟ್ಟಿಯೇ ಇರಲಿಲ್ಲ. "ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿದ್ರೆ ಸಾಕಿತ್ತು ಕಣೇ," ಎನ್ನುತ್ತಿದ್ದರು. ಅಷ್ಟು ಸಣ್ಣ ಆಸೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ನನ್ನದು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಮಡಚುವ ಕೆಲಸ. ಹೋಗುವ ದಾರಿಯಲ್ಲಿ ಒಂದು ಹೊಲಿಗೆ ಅಂಗಡಿ, ಅದರ ಹಿಂಭಾಗದಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆ. ಅದು ಬಾಡಿಗೆಗಿದೆ ಎಂದು ತಿಳಿದ ದಿನವೇ ಒಳಗೆ ನುಗ್ಗಿ ನೋಡಿದೆ. ಎಲ್ಲೂ ಹೊಸಿಲಿರಲಿಲ್ಲ. ಬಚ್ಚಲಿನ ಬಾಗಿಲು ಅಗಲವಾಗಿತ್ತು. ಹಿತ್ತಿಲಲ್ಲಿ ಬಿಸಿಲು ಬೀಳುವ ಕಡೆ ಒಂದು ಮರದ ಬೆಂಚು. ಮನಸ್ಸಿನಲ್ಲಿ ಆಗಲೇ ಅತ್ತೆಯನ್ನು ಅದರ ಮೇಲೆ ಕೂರಿಸಿ, ಕೈಗೆ ಕಾಫಿ ಲೋಟವನ್ನೂ ಕೊಟ್ಟುಬಿಟ್ಟಿದ್ದೆ. ಮನೆಯೊಡತಿ, ಅಂಗಡಿಯ ಮುದುಕಿ, "ಮಗನನ್ನು ಒಂದು ಮಾತು ಕೇಳಬೇಕು. ಸೋಮವಾರ ಬನ್ನಿ," ಎಂದಳು.

ನಡುವೆ ಶನಿವಾರ ಬಂತು. ಶನಿವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ. ಅತ್ತೆ ಇಳಿಯಲಾರರೆಂದು ನಮ್ಮ ಭಾಷೆಯವರೆಲ್ಲ ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬರುತ್ತಿದ್ದರು. ಬಂದವರೆಲ್ಲ ಮೊದಲು ನೀರು ಕೇಳಿ, ಆಮೇಲೆ "ಪಾಪ ಅಮ್ಮ" ಎನ್ನುತ್ತಿದ್ದರು. ಕೂಟ ನಡೆಸುವ ಹಿರಿಯಣ್ಣನದು ಒಂದೇ ಪಾಠ: "ಸುಮ್ನೆ 'ಕಾಪಾಡಪ್ಪಾ' ಅಂದ್ರೆ ಆಗಲ್ಲ. ಏನು ಬೇಕು, ಎಲ್ಲಿ ಬೇಕು, ಬಿಡಿಸಿ ಕೇಳಬೇಕು. ತಂದೆ ಹತ್ರ ಸಂಕೋಚ ಯಾಕೆ?" ಹಾಗಾಗಿ ನಮ್ಮ ಕೂಟದಲ್ಲಿ ಕೆಲಸ ಕೇಳುವವರು ಪಾಳಿಯ ಸಮೇತ ಕೇಳುತ್ತಿದ್ದರು, ಗಂಡು ಕೇಳುವವರು ಎತ್ತರದ ಸಮೇತ ಕೇಳುತ್ತಿದ್ದರು.

ನನ್ನ ಸರದಿ ಬಂದಾಗ ನಾನು "ಒಂದು ಮನೆ ನೋಡಿದೀವಿ, ಪ್ರಾರ್ಥನೆ ಮಾಡಿ," ಎಂದಷ್ಟೇ ಹೇಳಿ ನಿಲ್ಲಿಸಿದೆ. ಅತ್ತೆ ಮೊಣಕೈಯಿಂದ ತಿವಿದರು. "ಸರಿಯಾಗಿ ಹೇಳೇ. ನಮ್ಮವರ ಹತ್ರ ಮುಚ್ಚುಮರೆ ಏನು?"

ಹೇಳಿದೆ. ಬೀದಿ ಹೇಳಿದೆ, ಹೊಲಿಗೆ ಅಂಗಡಿ ಹೇಳಿದೆ, ಸೋಮವಾರ ಹೇಳಿದೆ, ಬೆಂಚನ್ನೂ ಬಿಡಲಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಕಣ್ಣೀರು ಬರುವಂತೆ ಪ್ರಾರ್ಥಿಸಿದರು. ಪ್ರಾರ್ಥನೆಗೆ ಕಣ್ಣು ಮುಚ್ಚುವ ಪದ್ಧತಿ ನಮ್ಮಲ್ಲಿದೆ, ಕಿವಿ ಮುಚ್ಚುವ ಪದ್ಧತಿ ಇಲ್ಲ.

ಸೋಮವಾರ ಕೆಲಸ ಮುಗಿಸಿ ಓಡಿದೆ. ಮುದುಕಿ ಹೊಲಿಗೆ ನಿಲ್ಲಿಸಿ, ಕನ್ನಡಕ ತೆಗೆದು, ಆಶ್ಚರ್ಯದಿಂದ ನೋಡಿದಳು. "ನಿಮ್ಮವರೇ ನಿನ್ನೆ ಬಂದು ಮುಂಗಡ ಕೊಟ್ಟು ಹೋದರಲ್ಲ? ಅದೇ ಭಾಷೆ, ಅದೇ ಪ್ರಾರ್ಥನೆಯವರು ಅಂದರು. ನೀವೇ ಕಳಿಸಿದ್ದು ಅಂದುಕೊಂಡೆ."

ಅವಳು ಹೇಳಿದ ಚಹರೆ ನಮ್ಮ ಕೂಟದ ಸಾಕ್ಷಿ ಅಕ್ಕನದು. ವಾರ ವಾರ ಎದ್ದು ನಿಂತು, ಕರ್ತನು ತನಗೆ ಬಸ್ಸಿನಲ್ಲಿ ಸೀಟು ಕೊಟ್ಟದ್ದನ್ನೂ ಬಿಡದೆ ಸಾಕ್ಷಿ ಹೇಳುವುದರಿಂದ ಆ ಹೆಸರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ಪೂಜಾರಿ ಇಲ್ಲ, ಆ ಕೊರತೆಯನ್ನು ಅಕ್ಕ ತುಂಬಿದಳು.

ಮನೆಗೆ ಬಂದು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಮೊಣಕಾಲು ನೀವಿಕೊಂಡರು. ಆಮೇಲೆ "ದೇವರ ಚಿತ್ತ," ಎಂದರು.

"ದೇವರ ಚಿತ್ತ ಅಲ್ಲ ಅತ್ತೆ, ಅವಳ ಕಾಲು ಚುರುಕು."

"ಬಿಡೇ," ಎಂದ ನನ್ನ ಗಂಡ. "ಅವರ ಹತ್ರ ಜಗಳ ಆಡಿಕೊಂಡ್ರೆ ಇಲ್ಲಿ ನಮಗೆ ಯಾರಿದ್ದಾರೆ?"

ಅದು ನಿಜ, ಅದಕ್ಕೇ ಮೈಯೆಲ್ಲ ಉರಿಯಿತು. ವಿಮಾನ ಇಳಿದ ದಿನ ನಮಗೆ ಕಂಬಳಿ ತಂದುಕೊಟ್ಟದ್ದು ಇದೇ ಅಕ್ಕ. ಗಂಡ ಕೈ ಮುರಿದುಕೊಂಡಾಗ ಅನ್ನ ಸಾರು ಹೊತ್ತು ಮೂರು ಮಹಡಿ ಹತ್ತಿದವಳೂ ಅವಳೇ. ಬೈಯಲು ಬಾಯಿ ತೆರೆದರೆ ತಿಂದ ಅನ್ನ ಅಡ್ಡ ಬರುತ್ತಿತ್ತು.

ಮುಂದಿನ ಶನಿವಾರ ಅಕ್ಕ ನಮ್ಮದೇ ಮನೆಯಲ್ಲಿ, ನಮ್ಮದೇ ಚಾಪೆಯ ಮೇಲೆ ನಿಂತು ಸಾಕ್ಷಿ ಹೇಳಿದಳು. "ನಾವು ಕೇಳಿರ್ಲೇ ಇಲ್ಲ, ಆದ್ರೂ ಕರ್ತನು ಕೊಟ್ಟ." ಅದರಲ್ಲಿ ಸುಳ್ಳೇನೂ ಇರಲಿಲ್ಲ, ಕೇಳಿದ್ದು ನಾನು. ಹಿರಿಯಣ್ಣ ನೆಲ ನೋಡುತ್ತಾ ಕೂತಿದ್ದರು. ಕೂಟ ಮುಗಿದ ಮೇಲೆ ಅವಳು ಅಡುಗೆಮನೆಗೆ ಬಂದು ನನ್ನ ಕೈ ಹಿಡಿದಳು. "ತಂಗಿ, ನಮ್ಮ ಮನೆ ಗೋಡೆ ಪೂರ್ತಿ ತೇವ. ಮಗುವಿಗೆ ಕೆಮ್ಮು ಬಿಡ್ತಾನೇ ಇಲ್ಲ. ನಿಮಗೆ ಇದಕ್ಕಿಂತ ಒಳ್ಳೇದು ಇಟ್ಟಿರ್ತಾನೆ."

"ಇಟ್ಟಿದ್ರೆ ಎಲ್ಲಿ ಅಂತ ನಿಮಗೆ ಹೇಳಲ್ಲ ಅಕ್ಕ," ಎಂದೆ. ಅವಳು ನಗಲು ನೋಡಿದಳು, ಆಗಲಿಲ್ಲ. ಹೊರಗೆ ಹೋಗಿ ಅತ್ತೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಅಮ್ಮ, ಹೊಸ ಮನೆಯಲ್ಲಿ ಮೊದಲ ಪ್ರಾರ್ಥನೆ ನೀವೇ ಮಾಡ್ಬೇಕು. ನಾವೇ ಕುರ್ಚಿ ಮೇಲೆ ಇಳಿಸಿಕೊಂಡು ಹೋಗ್ತೀವಿ," ಎಂದಳು.

ಅತ್ತೆ ಒಪ್ಪಿಕೊಂಡರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಆ ಪ್ರಾರ್ಥನೆಯ ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾಲ್ಕು ಗಂಡಸರು ಅವರನ್ನು ಇಳಿಸಿದರು. ಹೊಸ ಮನೆಯ ಬಾಗಿಲಲ್ಲಿ ಅತ್ತೆ ಎಲ್ಲರ ಕೈ ಬಿಡಿಸಿಕೊಂಡರು. ಹೊಸಿಲಿಲ್ಲದ ಆ ನೆಲದ ಮೇಲೆ ಒಬ್ಬರೇ ನಡೆದರು. ಒಂದು ಕೋಣೆ, ಇನ್ನೊಂದು ಕೋಣೆ, ಅಗಲ ಬಾಗಿಲಿನ ಬಚ್ಚಲು, ಅಲ್ಲಿಂದ ಹಿತ್ತಿಲು. ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಪಾದಗಳನ್ನು ಮಣ್ಣಿಗೆ ಊರಿದರು. ನನ್ನ ಲೆಕ್ಕ ಒಂದೂ ತಪ್ಪಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ, ಆ ತುತ್ತಿನ ರುಚಿ ತೋರಿಸಿ ಕಿತ್ತುಕೊಳ್ಳುವುದನ್ನು ಅಂದೇ ನೋಡಿದ್ದು.

ಅತ್ತೆ ಒಳಗೆ ಬಂದ ಮೇಲೆ ಎಲ್ಲರೂ ಕಣ್ಣು ಮುಚ್ಚಿ ನಿಂತರು. ನಾನು ಮುಚ್ಚಲಿಲ್ಲ. ಗಂಟೆಗಟ್ಟಲೆ ಪ್ರಾರ್ಥಿಸುವ ಅತ್ತೆ ಅಂದು ಸಣ್ಣದಾಗಿ ಮುಗಿಸಿದರು.

"ಸ್ವಾಮಿ, ಈ ಮನೆ ವಿಳಾಸ ನಿನಗೆ ಗೊತ್ತು. ನಾವೇ ಹೇಳಿದ್ವಿ. ಮಗುವಿನ ಕೆಮ್ಮು ವಾಸಿ ಮಾಡು. ಆಮೆನ್."

ಆಮೆನ್ ಎಂದವರು ಕಡಿಮೆ. ಅಕ್ಕ ಕಣ್ಣು ತೆರೆದವಳೇ ತಟ್ಟೆ ತರಲು ಪಕ್ಕದ ಕೋಣೆಗೆ ಹೋದಳು.

ಊಟವಾದ ಮೇಲೆ ಒಬ್ಬರಿಗೆ ಪಾಳಿ, ಒಬ್ಬರಿಗೆ ಬಸ್ಸು. ಇಳಿಸಲು ನಾಲ್ಕು ಜನ ಇದ್ದರು, ಹತ್ತಿಸಲು ಉಳಿದದ್ದು ನಾವು ಗಂಡ ಹೆಂಡತಿ ಇಬ್ಬರೇ. ನಮ್ಮ ಮೆಟ್ಟಿಲ ಅರ್ಧದಲ್ಲೇ ಕುರ್ಚಿ ವಾಲಿತು. ಅತ್ತೆ ಕುರ್ಚಿಯಿಂದಿಳಿದು, ಮೆಟ್ಟಿಲ ಮೇಲೆ ಕೂತು, ಹಿಂದೆ ಹಿಂದೆ ಸರಿಯುತ್ತಾ ಮೇಲೆ ಹೋದರು. ಈ ಸಲ ಸ್ತೋತ್ರ ಕೇಳಿಸಲಿಲ್ಲ.

"ಅವಳ ಮನೆ ಹಾಳಾಗ್ಲಿ," ಎಂದೆ ನಾನು, ಅವರ ಸೀರೆಯ ಧೂಳು ಕೊಡವುತ್ತಾ.

"ಬಾಯಿ ಮುಚ್ಚು. ಆ ಮನೇಲಿ ಮಗು ಇದೆ."

ಕೂಟ ಈಗ ಅಕ್ಕನ ಮನೆಯಲ್ಲಿ ನಡೆಯುತ್ತದೆ. ಮೆಟ್ಟಿಲಿಲ್ಲ, ಎಲ್ಲರಿಗೂ ಅನುಕೂಲ. ನಾವೂ ಹೋಗುತ್ತೇವೆ, ಬೇರೆ ಯಾರಿದ್ದಾರೆ? ಅತ್ತೆ ಮಾತ್ರ ಕಿಟಕಿಯ ಬಳಿ ಉಳಿಯುತ್ತಾರೆ. ಮೊದಲು ಕೆಳಗಿನ ಮಹಡಿಗೂ ಕೇಳುವಂತೆ ಪ್ರಾರ್ಥಿಸುತ್ತಿದ್ದವರ ತುಟಿ ಮಾತ್ರ ಈಗ ಆಡುತ್ತದೆ. ಊರಿಗೆ ವಾಪಸ್ ಕಳಿಸು ಎಂದು ಕೇಳುತ್ತಿರಬಹುದೇ, ಬೇಗ ಕರೆದುಕೋ ಎಂದು ಕೇಳುತ್ತಿರಬಹುದೇ ಎಂದು ನನಗೆ ಭಯ.

"ಏನು ಕೇಳ್ತಿದ್ದೀರಿ ಅತ್ತೆ? ನಾನೂ ಅದನ್ನೇ ಕೇಳ್ತೀನಿ. ಇಬ್ಬರು ಕೇಳಿದ್ರೆ ಒಳ್ಳೇದಲ್ವಾ?"

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ.

"ಬೇಡ ಕಣೇ. ನೀನು ಹೋಗಿ ಹೇಳಿಬಿಡ್ತೀಯ."

ಹೇಳು ಎಂದು ಅಂದು ತಿವಿದವರು ಅವರೇ. ಅವರ ತುಟಿ ಮತ್ತೆ ಆಡತೊಡಗಿತು. ಪಕ್ಕದಲ್ಲೇ ನಿಂತಿದ್ದರೂ ನನಗೆ ಒಂದು ಮಾತೂ ಕೇಳಿಸಲಿಲ್ಲ.